ಹಸಿರೆಲೆಯ ಸೋಪು

ಮಾರ್ಚ್ 4, ಮಂಗಳವಾರ
ನಿಂತೂ ನಿಂತೂ ಕಾಲು ಊದಿದೆ. ಸೂಪರ್‌ಮಾರ್ಕೆಟ್‌ನಲ್ಲಿ ಬಟ್ಟೆ ಸೋಪಿನ ಸ್ಟಾಲ್ ನಂದು. ಪ್ಯಾಕೆಟ್ ಮೇಲೆ ಹಸಿರೆಲೆ. ‘ನಮ್ಮ ಫ್ಯಾಕ್ಟರಿ ಹೊಳೆಗೆ ಒಂದು ಹನಿ ಕೊಳೆ ಬಿಡಲ್ಲ’ — ಬಂದವರಿಗೆಲ್ಲ ಇದೇ ಗಿಣಿಪಾಠ. ಒಬ್ಬರು, ಆ ಎಲೆ ಚಿತ್ರದ ಖರ್ಚೂ ನಮ್ಮ ತಲೆಗೇ ತಾನೆ ಅಂದರು. ಇನ್ನೊಬ್ಬಾಕೆ, ಕಂಪನಿ ಶಾಲೆ ಕಟ್ಟಿಸಿದೆಯಂತೆ ಅಂತ ಎರಡು ಒಯ್ದಳು. ಮಿಕ್ಕವರು ಮೂಸಿ ಇಟ್ಟರು. ರಿಟೈರ್ಡ್ ನರ್ಸಮ್ಮ ಮಾತ್ರ ಎಂದಿನಂತೆ ಕನ್ನಡಕ ಏರಿಸಿ ಪೂರ್ತಿ ಓದಿ, ನನ್ನನ್ನೂ ಕೇಳಿ, ತಗೊಂಡರು.

ಮಾರ್ಚ್ 9, ಭಾನುವಾರ
ತಂಗಿ ಊಟಕ್ಕೆ ಬಂದಿದ್ದಳು. ಅದೇ ಕಂಪನಿಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ತಟ್ಟೆ ಒರೆಸ್ತಾ ಮೆಲ್ಲಗೆ ಹೇಳಿದಳು — ಕೊಳೆನೀರು ಶುದ್ಧ ಮಾಡೋ ಮೆಷಿನ್ ಕೆಟ್ಟು ಎಷ್ಟೋ ಕಾಲ ಆಯ್ತು. ನೊರೆ ಸೀದಾ ಹೊಳೆಗೆ. ಬಾಯಿಬಿಟ್ಟರೆ ಇಬ್ಬರ ಕೆಲಸವೂ ಹೋಗುತ್ತೆ ಅಂದಳು.
ಬಿಸಿತುಪ್ಪ. ನುಂಗೋಕೂ ಆಗಲ್ಲ, ಉಗುಳೋಕೂ...

ಮಾರ್ಚ್ 11
ಹೊಳೆ ಮಾತು ಎತ್ತಲಿಲ್ಲ. ಕಲೆ ಚೆನ್ನಾಗಿ ಹೋಗುತ್ತೆ ಅಂದೆ, ಅಷ್ಟೆ. ವ್ಯಾಪಾರ ಮಾಮೂಲಿನಷ್ಟೇ ಆಯ್ತು. ಹಾಗಾದ್ರೆ ಯಾರಿಗೂ ಹೊಳೆ ಬೇಕಿಲ್ವಾ? ನಿರಾಳ ಆಯ್ತು. ಬೇಜಾರೂ ಆಯ್ತು.

ಮಾರ್ಚ್ 20, ಗುರುವಾರ
ನರ್ಸಮ್ಮ ಬಂದರು. ಇವತ್ತು ಹೊಳೆ ಸುದ್ದಿ ಯಾಕಿಲ್ಲ ಅಂತ ಕೇಳಿದರು. ಸೂಪರ್‌ವೈಸರ್ ಪಕ್ಕದಲ್ಲೇ ಇದ್ದ. ಪ್ಯಾಕೆಟ್‌ಗಳನ್ನ ಸಾಲಾಗಿ ಜೋಡಿಸತೊಡಗಿದೆ.
“ಪ್ಯಾಕೆಟ್ ಮೇಲೆ ಎಲ್ಲರೂ ಒಳ್ಳೇದೇ ಬರೀತಾರಮ್ಮ. ನಾನು ನಿನ್ನ ಮಾತು ನಂಬಿ ತಗೋತಿದ್ದೆ.”
“ಹಾಗಾದ್ರೆ ಇದನ್ನ ವಾಪಸ್ ಇಟ್ಟುಬಿಡಿ,” ಅಂದೆ.
ಹೇಗೆ ಬಂತೋ ಬಾಯಿಗೆ. ಅವರು ಪ್ಯಾಕೆಟ್‌ನ ಹಿಂಬದಿಯಲ್ಲಿದ್ದ ಫ್ಯಾಕ್ಟರಿ ವಿಳಾಸ ಓದಿಕೊಂಡರು. ಶೆಲ್ಫಿಗೆ ಇಟ್ಟರು. ನನ್ನ ಕೈ ಒತ್ತಿ ಹೋದರು.

ಮಾರ್ಚ್ 21
ಸೂಪರ್‌ವೈಸರ್ ನಿನ್ನೆ ಎಲ್ಲ ಕೇಳಿಸಿಕೊಂಡಿದ್ದ. ನಾಳೆಯಿಂದ ಬರಬೇಡ ಅಂದ. ತಂಗಿಗೆ ಹೇಳಿದೆ, ನಿನ್ನ ಹೆಸರು ಎತ್ತಿಲ್ಲ ಅಂತ. ಬೈಯಲಿಲ್ಲ. ಅತ್ತಳು.

ಮಾರ್ಚ್ 28, ಬೆಳಿಗ್ಗೆ
ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಈಗಷ್ಟೇ ತಂಗಿಯ ಫೋನ್. ಫ್ಯಾಕ್ಟರಿ ಗೇಟಿನ ಹತ್ತಿರ ಕನ್ನಡಕದ ಅಜ್ಜಿಯೊಬ್ಬರು, ಜೊತೆಗೆ ಒಂದಷ್ಟು ಹೆಂಗಸರು. ವರ್ಷಗಟ್ಟಲೆ ನಿಮ್ಮ ಸೋಪು ಕೊಂಡಿದ್ದೀವಿ, ಹೊಳೆಗೆ ಕೊಳೆ ಬಿಡಲ್ಲ ಅಂತೀರಲ್ಲ, ನೀರು ಶುದ್ಧ ಮಾಡೋ ಮೆಷಿನ್ ತೋರಿಸಿ ಅಂತ ಕೂತಿದ್ದಾರಂತೆ. ಮ್ಯಾನೇಜರ್, ಎಲ್ಲ ಸರಿಯಿದೆ, ಮನೆಗೆ ಹೋಗಿ ಅಂತಿದ್ದಾನಂತೆ.
“ಅಕ್ಕ, ಮೆಷಿನ್ ಕಡೆ ಹೋಗೋ ಹಿಂದಿನ ಬಾಗಿಲ ಕೀಲಿ ಇವತ್ತು ನನ್ನ ಹತ್ರಾನೇ ಇದೆ. ತೆಗೀಲಾ?”
ಅವಳ ಕೆಲಸ ಒಂದೇ ಈಗ ನಮ್ಮಿಬ್ಬರ ಮನೆಗೂ ಆಧಾರ. ಫೋನ್ ಇನ್ನೂ ಇಟ್ಟಿಲ್ಲ ಅವಳು, ಕಾಯ್ತಿದ್ದಾಳೆ. ನಾನು —