ಎಡೆಯ ಮುಂದೆ ಸೋಬಾನೆ

ಕ್ಯಾತನಹಳ್ಳಿ, ಪಾಂಡವಪುರ ತಾಲ್ಲೂಕು
22 ಸೆಪ್ಟೆಂಬರ್ 2025, ಸೋಮವಾರ

ಪ್ರೀತಿಯ ಮಗ ಲೋಕೇಶ,

ಹೇಗಿದ್ದೀಯಪ್ಪ? ಸೊಂಟದ ನೋವು ಕಡಿಮೆಯಾಯಿತೇ? ಆ ಕಡೆಯ ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತೋ, ಇಲ್ಲ ಇನ್ನೂ ಮುದ್ದೆ ಮುದ್ದೆ ಎಂದು ಗೊಣಗುತ್ತಿದ್ದೀಯೋ? ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲು ಕಾರ್ಖಾನೆಯ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸಬೇಕು, ಅಮಾವಾಸ್ಯೆಗೂ ರಜೆ ಇಲ್ಲ ಎಂದೆಯಲ್ಲ, ಅದಕ್ಕೆ ನನಗೆ ಬೇಸರವಿಲ್ಲ. ಇಲ್ಲಿ ನಾನೂ ನಿನ್ನ ಮಗಳು ರಂಜಿತಳೂ ಚೆನ್ನಾಗಿದ್ದೇವೆ. ಕೆಂದ ಹಸು ಗಬ್ಬವಾಗಿದೆ. ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀಯ. ಫೋನಿನಲ್ಲಿ ಪ್ರಮೀಳಾಳ ಹೆಸರೆತ್ತಿದರೆ ಸಾಕು, 'ಆಮೇಲ್ ಮಾಡ್ತೀನಿ ಕಣವ್ವ' ಎಂದು ಕಟ್ ಮಾಡುತ್ತೀಯ. ಅದಕ್ಕೇ ಬರೆಯಲು ಕುಳಿತೆ. ಇಷ್ಟು ವರ್ಷ ಅಂಗನವಾಡಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು, ಮಗನಿಗೆ ಒಂದು ಕಾಗದ ಬರೆಯಲಾರೆನೇ.

ನಿನ್ನೆ ಹಿರಿಯರಿಗೆ ಎಡೆ ಇಟ್ಟೆವು. ನಿಮ್ಮಪ್ಪನಿಗೂ ಇಟ್ಟೆ, ನಿನ್ನ ಹೆಂಡತಿ ಪ್ರಮೀಳಾಳಿಗೂ ಇಟ್ಟೆ. ಈ ಸಲ ನಾವು ಇಬ್ಬರೇ ಇರಲಿಲ್ಲ. ಪ್ರಮೀಳಾಳ ಹಾಡು ಕೇಳಿದವರು ಬಂದಿದ್ದರು. ಶ್ರೀರಂಗಪಟ್ಟಣದ ಆಟೋ ಶಿವಣ್ಣ ನಿನಗೆ ಗೊತ್ತು, ಅವಳು ಎಲ್ಲಿ ಸೋಬಾನೆ ಹೇಳಿದರೂ ಬಾಡಿಗೆ ಬಿಟ್ಟು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು. ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯಿಂದ ಪಾರ್ವತಮ್ಮ ಬಂದಿದ್ದರು. ನಾಗಮಂಗಲದಿಂದಲೂ ಒಂದು ವ್ಯಾನು ಜನ. ಒಂದು ವಾರದ ಹಿಂದೆಯೇ ಶಿವಣ್ಣ ಬಂದು ಕೇಳಿದ್ದ, 'ಅಕ್ಕಂಗೆ ನಾವೂ ಒಂದೊಂದ್ ತುತ್ತು ಇಕ್ಬೋದಾ ಅವ್ವಾ' ಎಂದು. ನಾನು ಹೂಂ ಅಂದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತಿತ್ತು.

ನಿನ್ನ ದೊಡ್ಡಪ್ಪ ಪುಟ್ಟಸ್ವಾಮಿ ವ್ಯಾನು ನೋಡಿದ್ದೇ ತಡ, ಟವೆಲ್ಲು ಕೊಡವಿಕೊಂಡು ಬಂದರು. 'ಊರೋರ್ನೆಲ್ಲ ಕರ್ಕೊಂಡು ಎಡೆ ಇಕ್ಕೋದು ಎಲ್ಲಾರ ಉಂಟಾ? ಹಾಡು ಅಂದ್ರೆ ಲೋಕೇಶಂಗೆ ಆಗಲ್ಲ ಅಂತ ಗೊತ್ತಿಲ್ವಾ ನಿಂಗೆ?' ಎಂದರು. ನಾನು ಸುಮ್ಮನಿರಲಿಲ್ಲ. 'ಬಾವ, ಅವಳು ನಮ್ಮನೇಲಿ ಉಂಡಿದ್ಕಿಂತ ಇವರ ಮದುವೆ ಮನೇಲಿ ಉಂಡಿದ್ದೇ ಜಾಸ್ತಿ. ಬರ್ಲಿ ಬುಡಿ' ಎಂದೆ. ಅವರು ಜಗಲಿಯ ಮೇಲೆ ಮುಖ ತಿರುಗಿಸಿ ಕುಳಿತರು. ಆದರೆ ಎದ್ದು ಹೋಗಲಿಲ್ಲ, ಅದನ್ನೂ ಹೇಳಬೇಕು.

ಆ ಜನ ತಂದದ್ದನ್ನು ನೀನು ನೋಡಬೇಕಿತ್ತು. ಶಿವಣ್ಣ ಫ್ಲಾಸ್ಕಿನಲ್ಲಿ ಮೆಣಸು ಹಾಕಿ ಕಾಯಿಸಿದ ನೀರು ತಂದಿದ್ದ, ಹಾಡುವ ಮೊದಲು ಅವಳು ಕುಡಿಯುತ್ತಿದ್ದಳಲ್ಲ, ಅದು. ಪಾರ್ವತಮ್ಮ ಕಜ್ಜಾಯದ ಜೊತೆ ಒಂದು ಹಸಿರು ಸೀರೆ ತಂದಿದ್ದರು. ನಾಗಮಂಗಲದವರು ಒಂದು ಮೈಕನ್ನೇ ತಂದು ಬಾಳೆಲೆಯ ಪಕ್ಕದಲ್ಲಿಟ್ಟರು. ನನಗೆ ನಗುವೂ ಬಂತು, ಅಳುವೂ ಬಂತು. ನೀನು ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ನೇತುಹಾಕಿದ್ದೀಯಲ್ಲ, ಅದನ್ನು ತೆಗೆದಿಟ್ಟೆ. ಅದರಲ್ಲಿ ಅವಳು ಪೊಲೀಸರು ಹಿಡಿದವಳ ಹಾಗಿದ್ದಾಳೆ. ಇವರು ತಂದ ಫೋಟೋದಲ್ಲಿ ಬಾಯಿ ತೆರೆದು, ಕಣ್ಣು ಮುಚ್ಚಿ ಹಾಡುತ್ತಿದ್ದಾಳೆ. ಅದೇ ನನ್ನ ಸೊಸೆ. ಅದು ಅಲ್ಲೇ ಇರುತ್ತದೆ.

ಧೂಪ ಹಾಕಿ ಎಲ್ಲರೂ ಕೈಮುಗಿದು ಹೊರಗೆ ಬಂದು ಬಾಗಿಲು ಹಾಕಿದೆವು. ಹಿರಿಯರು ಉಣ್ಣುವಾಗ ನಾವು ನೋಡಬಾರದು ತಾನೇ. ಜಗಲಿ ತುಂಬ ಜನ, ಒಂದು ಸದ್ದಿಲ್ಲ. ಇದ್ದಕ್ಕಿದ್ದ ಹಾಗೆ ಮನೆಯ ಒಳಗಿನಿಂದ ಹಾಡು ಬಂತು ಕಣಪ್ಪ. ಪ್ರಮೀಳಾ ಹೇಳುತ್ತಿದ್ದ ಸೋಬಾನೆ, ಹೆಣ್ಣುಮಗಳು ತವರಿನ ಹೊಸಲು ದಾಟುವಾಗ ಹೇಳುವ ಪದ. ಅದೇ ಎಳೆತ, ಕೊನೆಯಲ್ಲಿ ದನಿ ಒಡೆದಂತಾಗಿ ಮತ್ತೆ ಮೇಲೇಳುವುದೂ ಅದೇ. ಶಿವಣ್ಣ ನೆಲಕ್ಕೆ ಕುಸಿದು ಕುಳಿತ. ಆಮೇಲೆ ಹೊಳೆಯಿತು, ಅದು ರಂಜಿತ. ಅವಳು ಪಾರ್ವತಮ್ಮನ ಪಕ್ಕದಲ್ಲಿದ್ದಾಳೆ ಎಂದು ನಾನು, ನನ್ನ ಬಳಿಯಿದ್ದಾಳೆ ಎಂದು ಅವರು. ಮಗುವನ್ನು ಅಡುಗೆಮನೆಯಲ್ಲೇ ಬಿಟ್ಟು ಬಾಗಿಲು ಹಾಕಿಬಿಟ್ಟಿದ್ದೆವು. ಅವಳೇ ಎಂದು ಗೊತ್ತಾದ ಮೇಲೂ ಯಾರೂ ಬಾಗಿಲು ಮುಟ್ಟಲಿಲ್ಲ. ಎಡೆಯ ಹೊತ್ತಿನಲ್ಲಿ ತೆಗೆಯುವುದು ಹೇಗೆ? ಪದ ಪೂರಾ ಮುಗಿಯುವ ತನಕ ಕೇಳಿದೆವು. ನಿನ್ನ ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಬೆವರು ಎಂದರು.

ಉಣ್ಣುತ್ತಿರುವ ಹಿರಿಯರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆಗೆದಾಗ ನಿನ್ನ ಮಗಳು ಎಡೆಯ ಮುಂದೆ ಕುಳಿತಿದ್ದಳು. ನನ್ನನ್ನು ನೋಡಿ ಹೆದರಿ, 'ಅಮ್ಮ ಒಬ್ಳೇ ಉಣ್ತಾವ್ಳಲ್ಲ ಅಂತ ಹಾಡ್ದೆ ಅಜ್ಜಿ. ಅಪ್ಪಂಗೆ ಹೇಳ್ಬ್ಯಾಡ' ಎಂದಳು.

ಹೇಳುತ್ತಿದ್ದೇನೆ. ಆ ಮಗು ಹೆದರಬೇಕಾದ ಕೆಲಸವನ್ನು ಮಾಡಿಲ್ಲ. ಜ್ವರ ಬಂದಾಗಲೂ ಪ್ರಮೀಳಾ ನಾಗಮಂಗಲದ ಮದುವೆ ಛತ್ರಕ್ಕೆ ಹಾಡಲು ಹೋದಳು, ಅದಕ್ಕೇ ಸತ್ತಳು ಎಂದು ನೀನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೀಯ. ಡೆಂಗಿ ಕೊಂದಿತು ಕಣಪ್ಪ, ಹಾಡು ಕೊಲ್ಲಲಿಲ್ಲ. ಅದೇ ತಿಂಗಳು ನಮ್ಮೂರಿನಲ್ಲಿ ಹಾಡು ಬಾರದವರೂ ಸತ್ತರು. ಮೂವತ್ತಮೂರು ವರ್ಷಕ್ಕೆ ಹೋದಳು ಎಂಬ ಹೊಟ್ಟೆಯುರಿ ನಿನಗೊಬ್ಬನಿಗೇ ಅಲ್ಲ. ಬದುಕಿದ್ದಾಗ ಅವಳಿಗೆ ಸಿಕ್ಕಿದ್ದಾದರೂ ಏನು? ಮೈಸೂರಿನ ಸ್ಟುಡಿಯೋ ಒಂದರಲ್ಲಿ ಅವಳಿಂದ ಹಾಡಿಸಿಕೊಂಡು, ಆಮೇಲೆ ಅವಳ ದನಿ ಅಳಿಸಿ ಬೇರೆಯವರದು ಹಾಕಿದರು. ಸ್ಪರ್ಧೆಯಲ್ಲಿ ದನಿ ಒರಟು ಎಂದು ಕೂರಿಸಿದರು. ಅವಳು ಮನೆಗೆ ಬಂದು ಆ ಒರಟು ದನಿಯಲ್ಲೇ ಹಸುವಿನ ಹಾಲು ಕರೆಯುತ್ತ ಹಾಡಿದಳು. ಆ ಸ್ಟುಡಿಯೋದವರು, ಸ್ಪರ್ಧೆಯವರು ಮರೆತರು ಸರಿ, ಅವರಿಗೂ ನಮಗೂ ಏನು? ಗಂಡನ ಮನೆಯೇ ಅವಳ ದನಿಯನ್ನು ಮುಚ್ಚಿಹಾಕಿತು ಎಂಬ ಮಾತು ನಾನು ಬದುಕಿರುವ ತನಕ ಬರಗೊಡುವುದಿಲ್ಲ.

ಸಿಟ್ಟು ಬಂದರೆ ಬರಲಿ. ನನ್ನ ಮಗನ ಸಿಟ್ಟು ನಾನು ಕಾಣದ್ದೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊಂಟಕ್ಕೆ ಎಣ್ಣೆ ಹಚ್ಚಿಕೊ, ಭಾರ ಎತ್ತಬೇಡ. ದೊಡ್ಡಪ್ಪ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಹೋದವರೆಲ್ಲ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಬೈರಮ್ಮ

ಮರೆತಿದ್ದೆ: ಪಾರ್ವತಮ್ಮನ ಮಗಳ ಮದುವೆ ಕಾರ್ತಿಕದಲ್ಲಿ, ನಾಗಮಂಗಲದ ಅದೇ ಛತ್ರದಲ್ಲಿ. ಸೋಬಾನೆ ಹೇಳುವವಳು ರಂಜಿತ. ನಾನು ಮಾತು ಕೊಟ್ಟಾಗಿದೆ, ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಇನ್ನೊಂದು. ಹೊರಡುವಾಗ ಶಿವಣ್ಣ ಬಾಯಿ ತಪ್ಪಿ ಅಂದುಬಿಟ್ಟ, ಯುಗಾದಿಯಲ್ಲಿ ನೀನೇ ಅವನಿಗೆ ಫೋನು ಮಾಡಿ, ಅವನು ಮೊಬೈಲಿನಲ್ಲಿ ಹಿಡಿದಿದ್ದ ನಾಗಮಂಗಲದ ಆ ಕೊನೆಯ ಹಾಡನ್ನು ಕಳಿಸಿಕೊಂಡೆಯಂತೆ, ಯಾರಿಗೂ ಹೇಳಬೇಡ ಅಂದೆಯಂತೆ. ನೀನು ಅಲ್ಲಿ ಒಬ್ಬನೇ ಕೂತು ಕೇಳುತ್ತಿರುವುದು ನಿನ್ನ ಮಗಳಿಗೆ ಇನ್ನೂ ಗೊತ್ತಿಲ್ಲ. ಮದುವೆಯ ದಿನ ಬಂದು ಮುಂದಿನ ಸಾಲಿನಲ್ಲಿ ಕೂತುಕೊ, ಅವಳಿಗೆ ನೀನೇ ಹೇಳು.