ಅಪ್ಪನಿಗೆ ಮಗ್ಗ ಕೊಡಬೇಡಿ

ಇಚಲಕರಂಜಿ,
ಶನಿವಾರ, 12 ಫೆಬ್ರುವರಿ 1983

ಬಾಳಾಸಾಹೇಬ ಸೇಠರಿಗೆ, ನಿಮ್ಮ ಕಾರಖಾನೆಯ ನೇಕಾರ ಹಣಮಪ್ಪನವರ ಮಗಳು ತಂಗೆವ್ವ ಮಾಡುವ ನಮಸ್ಕಾರಗಳು.

ಮಗ್ಗದ ಹತ್ತಿರ ಬಿದ್ದ ಅಪ್ಪನನ್ನು ನೀವೇ ದವಾಖಾನೆಗೆ ಕಳಿಸಿದಿರಿ. ಆ ಉಪಕಾರ ಮರೆಯುವುದಿಲ್ಲ. ಈಗ ಎದ್ದು ಓಡಾಡುತ್ತಾರೆ. ಆದರೆ ಉಪವಾಸವಿದ್ದು ಬಿದ್ದೆ ಎಂದು ಅವರು ನಿಮಗೆ ಹೇಳಿದ್ದು ನಿಜವಲ್ಲ. ರಕ್ತದೊತ್ತಡದ ಗುಳಿಗೆ ಬಿಟ್ಟಿದ್ದರು.

ಆ ಗುಳಿಗೆ ನುಂಗಿದರೆ ಅವರ ಬಾಯಿ ಪೂರ್ತಿ ಒಣಗುತ್ತದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದು ಅದನ್ನು ಹೇಗೋ ಸಹಿಸಿಕೊಂಡಿದ್ದರು. ನೇಯುವಾಗ ಲಾಳಿಯ ತೂತಿಗೆ ತುಟಿ ಹಚ್ಚಿ, ಒಣಗಿದ ಬಾಯಿಂದ ನೂಲು ಹೀರಿ ತೆಗೆಯಲು ಆಗದಿದ್ದಾಗ ಮಾತ್ರ ತಾಳಿಕೊಳ್ಳಲಿಲ್ಲ. ಪಕ್ಕದ ಮಗ್ಗದವರು, "ಏನ್ ಮಾಮಾ, ಬಾಯಾಗ ಬರಗಾಲ ಬಿದ್ದೈತೇನು?" ಎಂದು ನಕ್ಕರಂತೆ. ಅಂದಿನಿಂದ ಗುಳಿಗೆಗಳು ಒಲೆಗೆ ಹೋದವು.

ಬೇರೆ ಗುಳಿಗೆ ಕೊಡಿ ಎಂದು ಡಾಕ್ಟರನ್ನು ಕೇಳಿದೆ. ಸದ್ಯ ಇದೇ ಬೇಕು, ಬಿಟ್ಟು ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂದರು. ಅಪ್ಪನಿಗೆ ಹೇಳಿದರೆ, "ಸೋಮವಾರ ಮಗ್ಗಕ್ಕ ಹೋಗೂದೈತಿ. ಗುಳಿಗಿ ನುಂಗಿ ನೂಲು ಹೆಂಗ ಎಳೀಲಿ?" ಎಂದು ನನ್ನ ಮೇಲೆಯೇ ಸಿಟ್ಟು ಮಾಡಿದರು.

ಸೋಮವಾರ ಅವರು ಬಂದಾಗ, ಮಗ್ಗವನ್ನು ಬೇರೆಯವರಿಗೆ ಕೊಟ್ಟಿದ್ದೇನೆ ಎಂದು ನೀವೇ ಹೇಳಬೇಕು. ನನ್ನ ಮಾತು ನಂಬುವುದಿಲ್ಲ. ಕನಿಕರಪಟ್ಟು ಗುಡಿಸುವ ಕೆಲಸವನ್ನೂ ಕೊಡಬೇಡಿ. ಒಳಗಿದ್ದರೆ ಮತ್ತೆ ಲಾಳಿ ಹಿಡಿಯುತ್ತಾರೆ. ಅತ್ತರೂ ಮನಸ್ಸು ಬದಲಿಸಬೇಡಿ. ಅವರ ಮುಂದೆ ಈ ಪತ್ರದ ಸುದ್ದಿ ತೆಗೆಯಬೇಡಿ.

ನಾನು ಗೇಟಿನ ಹೊರಗೆ ನಿಂತಿರುತ್ತೇನೆ. ಅವರನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ.

ನಿಮ್ಮನ್ನೇ ನಂಬಿದ,
ತಂಗೆವ್ವ