ತಿನ್ನಬಾರದ ಕೇಕು

ರೀ,

ರಾತ್ರಿ ಫ್ರಿಜ್ ಬಾಗಿಲು ಕಿರ್ ಎಂದದ್ದೂ, ಆಮೇಲೆ ನೀವು ಸಿಂಕಿನ ಹತ್ತಿರ ಥೂ ಥೂ ಎಂದದ್ದೂ ಕೇಳಿಸಿತು. ನೀವು ಕಚ್ಚಿದ್ದು ಕೇಕಲ್ಲ. ಪುಟ್ಟಿಯ ಆಟದ ಬೇಕರಿಗೆಂದು ಮೈದಾ, ಏಲಕ್ಕಿ ಹಾಕಿ ನಾನು ಕಲಸಿಟ್ಟ ಹಿಟ್ಟು. ಕೆಡದಿರಲೆಂದು ಹಿಡಿಗಟ್ಟಲೆ ಉಪ್ಪು ಸುರಿದಿದ್ದೆ. ಚೆನ್ನಾಗಿ ನೀರು ಕುಡಿಯಿರಿ.

ಅವಳು ಏಳುವ ಮೊದಲು, ಕಚ್ಚಿದ ಭಾಗ ಕಿತ್ತೆಸೆದು, ಉಳಿದದ್ದನ್ನು ನಾದಿ ದುಂಡಗೆ ಮಾಡಿಡಿ. ಗಟ್ಟಿ ಎನಿಸಿದರೆ ಕೈಗೆ ಎಣ್ಣೆ ಸವರಿಕೊಳ್ಳಿ. ನೀರು ಮುಟ್ಟಿಸಬೇಡಿ, ಅಂಟುತ್ತದೆ.

"ಘಮ್ ಅಂತಿದೆ ಅಮ್ಮಾ, ಒಂಚೂರು ತಿನ್ಲಾ?" ಎಂದು ನಿನ್ನೆಯಿಂದ ಪ್ರಾಣ ತಿನ್ನುತ್ತಿದ್ದಾಳೆ. "ಇದನ್ನ ದೊಡ್ಡೋರೂ ತಿನ್ನಲ್ಲ ಕಣೇ" ಎಂದು ಹೇಳಿ ಹೇಳಿ ಒಪ್ಪಿಸಿದ್ದೇನೆ. ಅಪ್ಪನೇ ತಿಂದರೆಂದು ಗೊತ್ತಾದರೆ ಮುಗಿಯಿತು, ಇಡೀ ಉಂಡೆ ಅವಳ ಬಾಯಿಗೆ. ಹಾಗಾಗಿ ನಾನಂತೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ, ನಿಮ್ಮಮ್ಮನ ಹತ್ತಿರವೂ.